ಸಿಕ್ಸು 163 ಮೀಟರ್ ಯಾಕೆ ಹೋಗಲ್ಲ?

ಮೊನ್ನೆ ಮ್ಯಾಚ್ ನೋಡ್ತಾ ಕೂತಿದ್ವಿ, ಒಂದು ಸಿಕ್ಸ್ ಬಿತ್ತು, ಸ್ಕ್ರೀನ್ ಮೇಲೆ 91 ಮೀಟರ್ ಅಂತ ಬಂತು. ಪಕ್ಕದಲ್ಲಿ ಅಕ್ಕನ ಮಗ, ಫಸ್ಟ್ ಪಿಯುಸಿ, ಪ್ರೊಜೆಕ್ಟೈಲ್ ಪಾಠ (ಎಸೆದ ವಸ್ತು ಎಲ್ಲಿ ಹೋಗಿ ಬೀಳುತ್ತೆ ಅನ್ನೋ ಲೆಕ್ಕ) ಈಗಷ್ಟೇ ಮುಗ್ದಿದೆ, ಕೈ ಸುಮ್ನಿರುತ್ತಾ. ನ್ಯೂಸ್ ಪೇಪರ್ ಅಂಚಲ್ಲೇ ಗೀಚಿ, "ಮಾಮ, ಸೆಕೆಂಡಿಗೆ 40 ಮೀಟರ್ ಸ್ಪೀಡಲ್ಲಿ 45 ಡಿಗ್ರಿಗೆ ಹೊಡದ್ರೆ 163 ಮೀಟರ್ ಹೋಗ್ಬೇಕು, ಟಿವಿಯವ್ರು ಬುರುಡೆ ಬಿಡ್ತಿದಾರೆ" ಅಂದ.

ಲೆಕ್ಕ ಸರಿಯಾಗೇ ಇದೆ, ಆದ್ರೆ ಗಾಳಿನೇ ಇಲ್ದಿರೋ ಊರಿನ ಲೆಕ್ಕ ಅದು. ಬಾಲ್ ತೂಕ 160 ಗ್ರಾಂ ಹತ್ರ. ಅದೇ ಬಾಲ್ 40 ಮೀಟರ್ ಸ್ಪೀಡಲ್ಲಿ ಹೋಗ್ವಾಗ ಗಾಳಿ ಅದನ್ನ ಹಿಂದಕ್ಕೆ ದಬ್ಬೋ ಬಲ ಸುಮಾರು 200 ಗ್ರಾಂ ತೂಕದಷ್ಟು. ಅಂದ್ರೆ ಶುರುನಲ್ಲಿ ಭೂಮಿ ಎಳೆಯೋದಕ್ಕಿಂತ ಗಾಳಿ ತಡೆಯೋದೇ ಜಾಸ್ತಿ! ನಾನೂ ಕೂಡಿ ಕಳೆದು ನೋಡೋ ತನಕ ನಂಬಿರ್ಲಿಲ್ಲ.

ಗಾಳಿ ಸೇರ್ಸಿದ್ರೆ ಒಂದೇ ಸಾಲಿನ ಫಾರ್ಮುಲಾ ಕೈ ಕೊಡುತ್ತೆ, ಯಾಕಂದ್ರೆ ತಡೆ ಸ್ಪೀಡಿನ ವರ್ಗಕ್ಕೆ ತಕ್ಕಂಗೆ ಇರುತ್ತೆ (ಸ್ಪೀಡು ಎರಡರಷ್ಟಾದ್ರೆ ತಡೆ ನಾಲ್ಕರಷ್ಟು), ಸ್ಪೀಡು ಕ್ಷಣಕ್ಷಣಕ್ಕೂ ಬದಲಾಗ್ತಿರುತ್ತೆ. ಅದಕ್ಕೆ ಎಕ್ಸೆಲ್ ತೆಗೆದೆ. 0.01 ಸೆಕೆಂಡಿಗೊಂದು ಸಾಲು, ಪ್ರತಿ ಸಾಲಲ್ಲೂ ಹೊಸ ಸ್ಪೀಡು, ಹೊಸ ತಡೆ, ಹೊಸ ಜಾಗ, ಕೆಳಗಿನ ತನಕ ಎಳೆದು ಬಿಟ್ರೆ ಆಯ್ತು. ಮೊದಲ ಸಲ ಬಾಲ್ ಸಿಕ್ಕಾಪಟ್ಟೆ ಮೇಲಕ್ಕೆ ಹೋಯ್ತು. ಅರ್ಧ ಗಂಟೆ ತಲೆ ಕೆರ್ಕೊಂಡ್ಮೇಲೆ ಗೊತ್ತಾಯ್ತು, ಎಕ್ಸೆಲ್ಲಿಗೆ ಕೋನ ಡಿಗ್ರಿಲಲ್ಲ, ರೇಡಿಯನ್ ಅನ್ನೋ ಬೇರೆ ಅಳತೆಲಿ ಕೊಡ್ಬೇಕು, ನಾನು ಬರೀ 45 ಅಂತ ಹಾಕಿದ್ದೆ, ಅದು 58 ಡಿಗ್ರಿ ಅನ್ಕೊಂಡು ಕೂತಿತ್ತು.

ಸರಿ ಮಾಡಿದ್ಮೇಲೆ 88 ಮೀಟರಿಗೆ ಬಂದು ಬಿತ್ತು. ಹುಡುಗ ತೆಪ್ಪಗಾದ.

ನಂಗೆ ಖುಷಿ ಕೊಟ್ಟಿದ್ದು ಗ್ರಾಫ್. ಪುಸ್ತಕದಲ್ಲಿರೋ, ಎರಡೂ ಕಡೆ ಒಂದೇ ಥರ ಬಾಗಿರೋ ಅಚ್ಚುಕಟ್ಟಾದ ಪ್ಯಾರಾಬೋಲಾ ಅಲ್ಲ ಅದು, ಸೊಟ್ಟ. 28 ಮೀಟರ್ ಎತ್ತರ ಮುಟ್ಟೋ ಹೊತ್ತಿಗೆ 50 ಮೀಟರ್ ಹತ್ರ ಮುಂದೆ ಹೋಗಿರುತ್ತೆ, ಆಮೇಲೆ ಉಳಿದ 38 ಮೀಟರಲ್ಲಿ ದಬಕ್ ಅಂತ ಇಳಿಯುತ್ತೆ. ಬೌಂಡರಿಲಿ ಕ್ಯಾಚ್ ಹಿಡಿಯೋರು ಕತ್ತೆತ್ಕೊಂಡೇ ನಿಂತಿರೋದು ಇದಕ್ಕೇ ಇರ್ಬೇಕು. ಇನ್ನೊಂದು, ಜಾಸ್ತಿ ದೂರ ಹೋಗೋಕೆ 45 ಡಿಗ್ರಿನೇ ಬೇಕು ಅನ್ನೋದೂ ಇಲ್ಲಿ ನಡಿಯಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ ಹೊಡೆಯೋದೇ ಲಾಭ.

ಆಮೇಲೆ ಬೆಂಗಳೂರು ಹಾಕಿ ನೋಡಿದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಗಾಳಿ 9 ಪರ್ಸೆಂಟಿನಷ್ಟು ತೆಳು, ಅದೇ ಹೊಡೆತ ಚೆನ್ನೈಗಿಂತ ಒಂದು 3 ಮೀಟರ್ ಜಾಸ್ತಿ ಹೋಗುತ್ತೆ. ಚಿನ್ನಸ್ವಾಮಿಲಿ ಸಿಕ್ಸ್ ಸುರಿಮಳೆ ಆಗೋದಕ್ಕೆ ಗಾಳಿಗಿಂತ ಬೌಂಡರಿ ಚಿಕ್ಕದಿರೋದೇ ದೊಡ್ಡ ಕಾರಣ ಅನ್ಸುತ್ತೆ. ಬಾಲ್ ತಿರುಗೋದನ್ನ ಇನ್ನೂ ಸೇರ್ಸಿಲ್ಲ, ಸೀಮಿನ (ಬಾಲಿನ ಹೊಲಿಗೆಯ) ಕಥೆಯಂತೂ ಕೇಳ್ಲೇಬೇಡಿ.