ಕಷ್ಟ ಕೇಳಿದ್ದು ಸಾಕು, ಸಲಹೆ ಕೇಳಿ

ಹಾಸನದಲ್ಲಿ ಕೌಟುಂಬಿಕ ದೌರ್ಜನ್ಯದ ಬಗ್ಗೆ ಒಂದು ಸಭೆ ಇತ್ತು. ಸಕಲೇಶಪುರ ಕಡೆಯ ಕಾಫಿ ತೋಟದಿಂದ ಗಂಡನ ಹೊಡೆತ ತಾಳದೆ ಹೊರಬಂದವಳು ಅಂತ ನನ್ನನ್ನೂ ಕರೆದಿದ್ದರು. ಮೈಕ್ ಕೊಟ್ಟು, "ನಿಮ್ಮ ಕಷ್ಟ ಹೇಳಮ್ಮ" ಅಂದರು. ಅದನ್ನು ಪೊಲೀಸರಿಗೆ, ವಕೀಲರಿಗೆ, ಆಪ್ತ ಸಮಾಲೋಚಕರಿಗೆ ಹೇಳಿ ಹೇಳಿ ನನಗೇ ಬೇಜಾರಾಗಿದೆ. "ಏನು ಬದಲಾಗಬೇಕು ಅಂತ ಕೇಳಿ ಸಾರ್" ಅಂದೆ.

ಕೌಟುಂಬಿಕ ದೌರ್ಜನ್ಯದಿಂದ ಹೆಂಗಸರನ್ನು ಕಾಪಾಡೋ 2005ರ ಕಾಯ್ದೆ ಚೆನ್ನಾಗಿಯೇ ಇದೆ. ಮನೆ ಯಾರ ಹೆಸರಲ್ಲಿದ್ದರೂ ಹೆಂಡತಿಗೆ ಅಲ್ಲಿ ಇರುವ ಹಕ್ಕಿದೆ. ಆದರೆ ನಮ್ಮದು ತೋಟದ ಲೈನ್ ಮನೆ, ಅಂದರೆ ಕೆಲಸದವರಿಗೆ ತೋಟದವರು ಕೊಡುವ ಸಾಲುಮನೆ. ಕೆಲಸ ಇದ್ದರೆ ಮನೆ. ಗಂಡನನ್ನು ಆಚೆ ಹಾಕಿದರೆ ನಾವು ಎಲ್ಲಿರಬೇಕು? ತೋಟದ ಸಾಹುಕಾರರ ಜೊತೆ ಯಾರು ಮಾತಾಡಬೇಕು? ಇದನ್ನು ಯಾವ ಕರಪತ್ರದಲ್ಲೂ ನಾನು ನೋಡಿಲ್ಲ.

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂತಾರೆ. ಸರಿ. ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ, ಪಿಸುಗುಟ್ಟಿದರೂ ಪಕ್ಕದವರಿಗೆ ಕೇಳುತ್ತದೆ. ನೆಟ್‌ವರ್ಕ್ ಕಥೆ ಬೇರೆ! ಸಂತೆ ದಿನ ಮಾತ್ರ ನಾವು ಯಾರಿಗೂ ಕಾರಣ ಹೇಳದೆ ಪೇಟೆಗೆ ಬರುತ್ತೇವೆ. ಅವತ್ತು ಸಂತೆ ಹತ್ತಿರವೇ ಒಬ್ಬ ಸಮಾಲೋಚಕಿ ಕೂತಿರಲಿ ಅಂದೆ. ಒಬ್ಬ ಮೇಡಂ ಬರೆದುಕೊಂಡರು.

ಇನ್ನೊಂದನ್ನೂ ಹೇಳಿಬಿಟ್ಟೆ. ನಮ್ಮನ್ನು ಸಭೆಗೆ ಕರೆದರೆ ಬಸ್ ಚಾರ್ಜು, ಆ ದಿನದ ಕೂಲಿ ಕೊಡಿ. ಸುಮ್ನೆ ಟೀ ಬಿಸ್ಕತ್ತಿಗೆ ಯಾರು ಬರ್ತಾರೆ, ಅಲ್ವಾ? ಎಲ್ಲರೂ ನಕ್ಕರು. ಅದನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.