ಭ್ರೂಣದ ಸಂಶೋಧನೆಗೆ ಹೋದರೆ ಸಂಬಳ ಯಾವಾಗ?

“ಮಗಳದ್ದು ಶಿರಸಿಯಲ್ಲಿ ಬಿಎಸ್ಸಿ ಮುಗಿಯಿತು. ಡೆವಲಪ್‌ಮೆಂಟಲ್ ಬಯಾಲಜಿಯಲ್ಲೇ, ಅಂದರೆ ಭ್ರೂಣ ಹೇಗೆ ಬೆಳೆಯುತ್ತದೆ ಅನ್ನುವ ವಿಷಯದಲ್ಲೇ, ಸಂಶೋಧನೆ ಮಾಡ್ತೇನೆ ಅಂತಾಳೆ. ಎಷ್ಟು ವರ್ಷ ಬೇಕು, ಕೈಗೆ ದುಡ್ಡು ಯಾವಾಗ?” ಕಾರವಾರದಿಂದ ಭಟ್ಕಳದವರೆಗೆ ಅಪ್ಪ-ಅಮ್ಮಂದಿರು ಕೇಳುವುದು ಇದನ್ನೇ.

ದುಡ್ಡಿನ ಮಾತು ಮೊದಲು ಮುಗಿಸೋಣ. ಎಂಎಸ್ಸಿಯ 2 ವರ್ಷ ಮನೆಯ ಖರ್ಚು. ಆಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000, ಮನೆಬಾಡಿಗೆ ಭತ್ಯೆ ಬೇರೆ. ಒಟ್ಟು 5 ವರ್ಷಕ್ಕೆ ಅದು ನಿಲ್ಲುತ್ತದೆ. ಪಿಎಚ್‌ಡಿಯೋ ಐದೂವರೆ, ಆರು ವರ್ಷ ಎಳೆಯುತ್ತದೆ. ಕೊನೆಯ ಆ ತಿಂಗಳುಗಳ ದುಡ್ಡು ಎಲ್ಲಿಂದ ಅಂತ ಲ್ಯಾಬ್ ಸೇರುವ ಮೊದಲೇ ಗೈಡ್ ಹತ್ತಿರ ಕೇಳಿ, ಸಂಕೋಚ ಬೇಡ. ಅದಾದ ಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರ ಬೇರೆಯವರ ಲ್ಯಾಬ್‌ನಲ್ಲಿ ಮಾಡುವ ಸಂಶೋಧನೆ, ಇನ್ನೊಂದು 3–5 ವರ್ಷ. ಸ್ವಂತ ಲ್ಯಾಬ್ ಕಟ್ಟುವ ಹೊತ್ತಿಗೆ ವಯಸ್ಸು 35ರ ಆಸುಪಾಸು.

ನೆಟ್‌ನ ಜೀವವಿಜ್ಞಾನ ಪತ್ರಿಕೆಯ 200 ಅಂಕದಲ್ಲಿ 100 ಇರುವುದು ‘ಸಿ’ ಭಾಗದಲ್ಲಿ: 75 ಪ್ರಶ್ನೆಯಲ್ಲಿ 25ಕ್ಕೆ ಉತ್ತರ, ಒಂದಕ್ಕೆ 4 ಅಂಕ, ತಪ್ಪಿದರೆ ಒಂದು ಅಂಕ ಹೋಯಿತು. ನೋಟ್ಸ್ ಉರುಹೊಡೆದವರು ಸೋಲುವುದು ಇಲ್ಲಿಯೇ. ನ್ಯೂಟ್ (ಬಾಲವಿರುವ ಉಭಯಚರ) ಭ್ರೂಣದಲ್ಲಿ ಜೀವಕೋಶಗಳು ಒಳಸೇರುವ ರಂಧ್ರದ ಬೆನ್ನ ಕಡೆಯ ಅಂಚನ್ನು, ಅಂದರೆ ‘ತುಟಿ’ಯನ್ನು, ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕಸಿ ಮಾಡಿದರೆ ತಲೆಯಿಂದ ಬಾಲದವರೆಗಿನ ಎರಡನೇ ದೇಹಾಕ್ಷ ಮೂಡುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಬೇರೆ ತುಣುಕು ಇಟ್ಟರೆ ಏಕೆ ಮೂಡುವುದಿಲ್ಲ ಅಂತ ಕೇಳಿದರೆ ಪೆನ್ ನಿಲ್ಲುತ್ತದೆ. ಬೆಂಗಳೂರಿನ ಐಐಎಸ್ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಇಂಟಿಗ್ರೇಟೆಡ್ ಪಿಎಚ್‌ಡಿಗೆ, ಅಂದರೆ ಬಿಎಸ್ಸಿ ಆದ ಮೇಲೆ ನೇರ ಸೇರುವ ಪಿಎಚ್‌ಡಿಗೆ, ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬೇಕು. ಅಲ್ಲೇ ಇರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ದಾರಿ ಬೇರೆ, ಅದರ ಪ್ರವೇಶ ಮಾತೃಸಂಸ್ಥೆ ಟಿಐಎಫ್‌ಆರ್ ಕಡೆಯಿಂದ.

ಪಿಎಚ್‌ಡಿಗೆ ಎಷ್ಟು ವರ್ಷ ಅನ್ನುವುದನ್ನು ಅರ್ಧ ನೀವು ಅಧ್ಯಯನಕ್ಕೆ ಆರಿಸಿಕೊಂಡ ಪ್ರಾಣಿಯೇ ತೀರ್ಮಾನಿಸುತ್ತದೆ. ಹಣ್ಣುನೊಣ 25 ಡಿಗ್ರಿಯಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆಯಿಂದ ನೊಣವಾಗುತ್ತದೆ. ಮೂರು ತಲೆಮಾರಿನ ಕ್ರಾಸ್ (ಆಯ್ದ ನೊಣಗಳನ್ನು ಕೂಡಿಸಿ ಮರಿ ಪಡೆಯುವುದು) ತಿಂಗಳೊಳಗೆ ಮುಗಿಸಬಹುದು. ಇಲಿಗೆ ತಲೆಮಾರೊಂದಕ್ಕೆ ಹತ್ತು ವಾರ. ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಭ್ರೂಣ ಒಂದೇ ದಿನದಲ್ಲಿ ಆಕಾರ ಪಡೆಯುತ್ತದೆ ಅಂತ ಹುಡುಗರು ಮರುಳಾಗುತ್ತಾರೆ, ಆದರೆ ಆ ಮೀನು ಮೊಟ್ಟೆಯಿಡುವಷ್ಟು ದೊಡ್ಡದಾಗಲು 3 ತಿಂಗಳು ಬೇಕು. ಹೊಸ ಮ್ಯುಟೆಂಟ್ (ಜೀನ್ ಬದಲಿಸಿದ ಪ್ರಾಣಿ) ಮಾಡಿಯೇ ಥೀಸಿಸ್ ಶುರುವಾಗಬೇಕಾದರೆ ಮೊದಲ ವರ್ಷ ಕಾಯುವುದರಲ್ಲೇ ಕಳೆಯುತ್ತದೆ. ಲ್ಯಾಬ್‌ನಲ್ಲಿ ಈಗಾಗಲೇ ಸಾಕಿಟ್ಟಿರುವ ಲೈನ್‌ಗಳ (ತಳಿಗಳ) ಮೇಲೆ ಒಂದು ಪ್ರಶ್ನೆ, ಹೊಸದರ ಮೇಲೆ ಇನ್ನೊಂದು: ಹೀಗೆ ಎರಡು ಹಿಡಿದವರು ಬೇಗ ಮುಗಿಸುತ್ತಾರೆ.

ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಕೈಗೆಲಸ ಮಾತಾಡುತ್ತದೆ. ಅದಕ್ಕೆ ಊರಿನ ಕಾಲೇಜು ಲ್ಯಾಬ್ ಸಾಕು, ಕೋಳಿಮೊಟ್ಟೆಯೊಳಗಿನ ಭ್ರೂಣ ನೋಡುವುದರಿಂದ ಶುರುಮಾಡಿ. ಅಂಗಡಿಯ ಫಾರಂ ಮೊಟ್ಟೆ ಬೇಡ, ಹುಂಜವಿಲ್ಲದ ಕೋಳಿಯ ಮೊಟ್ಟೆಯಲ್ಲಿ ಭ್ರೂಣವೇ ಇರುವುದಿಲ್ಲ. ಹುಂಜದ ಜೊತೆ ಬಿಟ್ಟ ಊರುಕೋಳಿಯ ಮೊಟ್ಟೆಯನ್ನು ಅವತ್ತೇ ತನ್ನಿ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ನಾಲ್ಕು ದಿನ ಹೊರಗಿಟ್ಟರೆ ಬೆಳವಣಿಗೆ ಅರ್ಧಂಬರ್ಧ ಶುರುವಾಗಿ ಭ್ರೂಣ ಸಾಯುತ್ತದೆ. ಇನ್‌ಕ್ಯುಬೇಟರ್ 38 ಡಿಗ್ರಿ, ಒಳಗೊಂದು ತಟ್ಟೆ ನೀರು, ಮೊಟ್ಟೆ ಅಡ್ಡಡ್ಡ. ಒಂದೂವರೆ ದಿನದ ಬಳಿಕ ಅಗಲ ತುದಿಯಲ್ಲಿ ತೂತು ಮಾಡಿ, ಸೂಜಿಯನ್ನು ಕೆಳಮುಖವಾಗಿ ತೂರಿಸಿ 3 ಎಂಎಲ್ ಬಿಳಿಲೋಳೆ ಎಳೆದು, ಟೇಪ್ ಅಂಟಿಸಿ. ಆಮೇಲೆ ಮೇಲ್ಭಾಗದಲ್ಲಿ ಕಿಟಕಿ ಕತ್ತರಿಸಿ. ಲೋಳೆ ತೆಗೆಯದೆ ಕತ್ತರಿಸಿದರೆ ಚಿಪ್ಪಿಗೆ ತಾಗಿದ ಭ್ರೂಣ ಹರಿಯುತ್ತದೆ. ಸೂಜಿ ಕೆಳಮುಖವಾಗದೆ ನೇರ ನಡುವಿಗೆ ಹೋದರೆ ಹಳದಿ ಒಡೆಯುತ್ತದೆ, ಆ ಮೊಟ್ಟೆ ಬಿಟ್ಟುಬಿಡಿ.

ಭ್ರೂಣದ ವಯಸ್ಸಿಗೆ ಗಂಟೆಯ ಲೆಕ್ಕ ಬರೆಯಬೇಡಿ. ಮೊಟ್ಟೆಯ ಮೇಲೆ ಕೋಳಿ ಮೊದಲೇ ಎಷ್ಟು ಹೊತ್ತು ಕೂತಿತ್ತೋ ಯಾರಿಗೆ ಗೊತ್ತು! ಬೆನ್ನುದ್ದಕ್ಕೂ ಕಾಣುವ ಸೊಮೈಟ್ ಎಂಬ ಚಿಕ್ಕ ಉಂಡೆಗಳ ಜೋಡಿ ಎಣಿಸಿ: ಹತ್ತು ಜೋಡಿ ಇದ್ದರೆ ಕೋಳಿಭ್ರೂಣದ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದ 1951ರ ಹ್ಯಾಂಬರ್ಗರ್-ಹ್ಯಾಮಿಲ್ಟನ್ ಪಟ್ಟಿಯ 10ನೇ ಹಂತ. ಇಂಥ ಹಂತಗಳ ಚಿತ್ರ ತುಂಬಿದ ನೋಟ್‌ಬುಕ್ ಹಿಡಿದು ವಿಜ್ಞಾನ ಅಕಾಡೆಮಿಗಳ 2 ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಅಲ್ಲಿ ಸಿಗುವ ಶಿಫಾರಸು ಪತ್ರಕ್ಕೆ ಪಿಎಚ್‌ಡಿ ಸಂದರ್ಶನದಲ್ಲಿ ಬೆಲೆಯಿದೆ.

ಊರು ಬಿಟ್ಟು ದೂರ ಹೋಗುವ ಮನಸ್ಸಿಲ್ಲದವರಿಗೆ ಕಾರವಾರದ ಕೋಡಿಬಾಗದಲ್ಲೇ ಮರೈನ್ ಬಯಾಲಜಿ ಎಂಎಸ್ಸಿ ಇದೆ. ಮೀನು, ಸಿಗಡಿಯ ಲಾರ್ವಾ ಮೇಲೆ ಕೆಲಸ ಮಾಡಿಯೂ ಈ ವಿಷಯಕ್ಕೆ ಬರಬಹುದು. ಇನ್ನು ಸಂಶೋಧನೆ ಕೈಕೊಟ್ಟರೆ ಏನು ಗತಿ ಅನ್ನುವ ಅಪ್ಪಂದಿರಿಗೆ: ನೆಟ್ ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾದವರು ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು, ಅದಕ್ಕೆ ಪಿಎಚ್‌ಡಿ ಮುಗಿಯುವವರೆಗೆ ಕಾಯಬೇಕಿಲ್ಲ.