ಒಬ್ಬ ಕಮ್ಮಿ ಇದ್ದಾಗ: ಪೆನಾಲ್ಟಿ ಕಿಲ್ ವಿಡಿಯೋಗಳು ನನಗೆ ಕಲಿಸಿದ್ದು

ಆ ಐಸ್ ಹಾಕಿ ಕ್ಲಿಪ್ ಇರೋದು ಹನ್ನೊಂದೇ ಸೆಕೆಂಡು. ನಮ್ಮ ಗೋಲಿನ ಬಲಗಡೆ ಮೂಲೆ. ಅಂಗಳದ ಸುತ್ತಲಿನ ಗೋಡೆ, ಅಂದರೆ ಬೋರ್ಡಿನ ಪಕ್ಕದಲ್ಲಿ ಪಕ್ (ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ನಮ್ಮ ಡಿಫೆಂಡರ್ ಸ್ಟಿಕ್ಕಿಗೆ ಬರುತ್ತದೆ. ಹುಡುಗನಿಗೆ ಹದಿನೇಳು ವರ್ಷ. ಹತ್ತಿರದ ಎದುರಾಳಿ ಇನ್ನೂ ನಾಲ್ಕೈದು ಮಾರು ದೂರದಲ್ಲಿದ್ದಾನೆ, ಅದೂ ಬೇರೆ ಕಡೆ ಮುಖ ಮಾಡಿ. ನಮ್ಮವನು ತಲೆ ಎತ್ತಿ ನೋಡೋದೇ ಇಲ್ಲ. ಗಾಬರಿಯಲ್ಲಿ ಪಕ್ ಅನ್ನು ಬೋರ್ಡಿನ ಗುಂಟ ಮೆತ್ತಗೆ ತಳ್ಳುತ್ತಾನೆ. ನಮ್ಮ ಗೋಲಿನ ಕಡೆಯ ಭಾಗದ ಗಡಿಗೆರೆ, ಬ್ಲೂ ಲೈನ್ ಹತ್ತಿರ ನಿಂತಿದ್ದ ಎದುರಾಳಿ ಅದನ್ನು ಸ್ಕೇಟ್‌ನಿಂದಲೇ ತಡೆಯುತ್ತಾನೆ. ಒಂದು ಪಾಸ್, ಇನ್ನೊಂದು ಪಾಸ್, ಗೋಲು.

ಈ ಹನ್ನೊಂದು ಸೆಕೆಂಡನ್ನು ನಾನು ನಲವತ್ತು ಸಲವಾದರೂ ನೋಡಿರಬೇಕು. ಮೊದಲ ಸಲ ನೋಡಿದಾಗ ತಪ್ಪು ಜಾಗವನ್ನು ನೋಡಿದ್ದೆ. ಈ ಬರಹ ಅದರ ಬಗ್ಗೆ.

ನಾನು ಕೆನಡಾದ ಒಂಟಾರಿಯೊದಲ್ಲಿ ಒಂದು ಜೂನಿಯರ್ ಐಸ್ ಹಾಕಿ ತಂಡಕ್ಕೆ ವಿಡಿಯೋ ಕೆಲಸ ಮಾಡುತ್ತೇನೆ. ಪಂದ್ಯ ನಡೆಯುವಾಗ ಮೇಲೆ ಕೂತು ಒಂದೊಂದು ಘಟನೆಗೂ ಗುರುತು ಹಾಕುವುದು, ಆಮೇಲೆ ಅದನ್ನು ಕತ್ತರಿಸಿ ಕೋಚ್‌ಗಳಿಗೆ, ಹುಡುಗರಿಗೆ ತೋರಿಸುವುದು ನನ್ನ ಕೆಲಸ. ಮಂಡ್ಯ ಕಡೆ ಹುಟ್ಟಿ, ಕಬಡ್ಡಿ ನೋಡಿ ಬೆಳೆದವನು. ಐಸ್ ಮೇಲೆ ಕಾಲಿಟ್ಟದ್ದು ಇಲ್ಲಿಗೆ ಬಂದ ಮೇಲೆಯೇ. ಊರಿಗೆ ಫೋನ್ ಮಾಡಿದಾಗ ನಮ್ಮ ಭಾವ ಈಗಲೂ ಕೇಳುತ್ತಾರೆ, "ಅಲ್ಲಪ್ಪಾ, ಜಾರೋ ನೆಲದ ಮೇಲೆ ಅದು ಹೆಂಗೆ ಆಡ್ತಾರೆ?" ಅವರಿಗೆ ಹೇಳುವ ಹಾಗೆಯೇ ಇಲ್ಲೂ ಹೇಳುತ್ತೇನೆ.

ಒಂದು ತಂಡದಲ್ಲಿ ಗೋಲಿ (ಗೋಲ್‌ಕೀಪರ್) ಬಿಟ್ಟು ಐದು ಜನ. ಯಾರಾದರೂ ಸ್ಟಿಕ್ಕಿನಿಂದ ಕಾಲು ಎಳೆದರೆ, ಹಿಡಿದುಕೊಂಡರೆ, ಅಂಥ ಸಣ್ಣ ತಪ್ಪಿಗೆ 2 ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ನಾಲ್ಕು ಜನ ಐದು ಜನರ ಎದುರು ಆಡಬೇಕು. ಹೆಚ್ಚು ಜನ ಇರುವವರದು ಪವರ್ ಪ್ಲೇ, ಕಮ್ಮಿ ಇರುವವರದು ಪೆನಾಲ್ಟಿ ಕಿಲ್. ಗೋಲು ಬಿದ್ದರೆ ಹೊರಗೆ ಕೂತವನು ಬೇಗ ವಾಪಸ್ ಬರುತ್ತಾನೆ. ಮೊದಲು ಹಾಗಿರಲಿಲ್ಲ, ಎಷ್ಟು ಗೋಲು ಬಿದ್ದರೂ 2 ನಿಮಿಷ ಪೂರ್ತಿ ಕೂರಬೇಕಿತ್ತು. 1955ರ ನವೆಂಬರ್‌ನಲ್ಲಿ ಮಾಂಟ್ರಿಯಲ್ ತಂಡದ ಜಾನ್ ಬೆಲಿವೊ ಬಾಸ್ಟನ್ ವಿರುದ್ಧ ಪವರ್ ಪ್ಲೇಯಲ್ಲಿ ಬರೀ 44 ಸೆಕೆಂಡಿನಲ್ಲಿ 3 ಗೋಲು ಹೊಡೆದರು. ಮಾಂಟ್ರಿಯಲ್‌ನ ಆ ಪವರ್ ಪ್ಲೇ ಕಾಟ ತಡೆಯಲಾಗದೆ 1956ರಲ್ಲಿ ಇಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ನಿಯಮವನ್ನೇ ಬದಲಿಸಿತು. ಒಬ್ಬ ಕಮ್ಮಿಯಾದರೆ ಎಷ್ಟು ಕಷ್ಟ ಅನ್ನೋದಕ್ಕೆ ಇಷ್ಟು ಸಾಕು.

ಈಗಿನ ಪವರ್ ಪ್ಲೇ ಹೆಚ್ಚಾಗಿ 1-3-1 ಆಕಾರದಲ್ಲಿ ನಿಲ್ಲುತ್ತದೆ. ಬ್ಲೂ ಲೈನ್ ಹತ್ತಿರ ಒಬ್ಬ, ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ನಡುವೆ ಒಬ್ಬ, ಗೋಲಿನ ಮುಂದೆ ಗೋಲಿಯ ಕಣ್ಣಿಗೆ ಅಡ್ಡ ಒಬ್ಬ. ಇವರಿಗೆ ಬೇಕಾಗಿರೋದು ಒಂದೇ: ಪಕ್ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಗೋಲಿನ ಮುಂದಿನ ನಡುಗೆರೆ ದಾಟಿ ಹೋಗಬೇಕು. ಹಾಗೆ ಹೋದರೆ ಗೋಲಿ ಇಡೀ ಮೈಯನ್ನು ಆಚೆಗೆ ಸರಿಸಬೇಕು. ಅವನು ಸರಿದು ನಿಲ್ಲುವಷ್ಟರಲ್ಲಿ ಹೊಡೆತ ಬಂದಿರುತ್ತದೆ. ವಾಷಿಂಗ್ಟನ್‌ನ ಅಲೆಕ್ಸ್ ಒವೆಚ್ಕಿನ್ ಇಪ್ಪತ್ತು ವರ್ಷ ಎಡಗಡೆ ಸರ್ಕಲ್‌ನ (ಐಸ್ ಮೇಲೆ ಬರೆದ ವೃತ್ತದ) ಅದೇ ಜಾಗದಲ್ಲಿ ನಿಂತು ಹೊಡೆದರು. ಅವರು ಅಲ್ಲೇ ನಿಲ್ಲುತ್ತಾರೆ ಅಂತ ಎಲ್ಲ ತಂಡಗಳಿಗೂ ಗೊತ್ತಿತ್ತು. 2025ರ ಏಪ್ರಿಲ್ 6ರಂದು ವೇಯ್ನ್ ಗ್ರೆಟ್ಸ್ಕಿಯ ಅತಿ ಹೆಚ್ಚು ಗೋಲಿನ ದಾಖಲೆ ಮುರಿದ ಅವರ 895ನೇ ಗೋಲು ಕೂಡ ಪವರ್ ಪ್ಲೇಯಲ್ಲಿ, ಆ ಎಡಗಡೆಯಿಂದಲೇ ಬಂತು.

ಹಾಗಾದರೆ ನಾಲ್ಕು ಜನ ಏನು ಮಾಡಬೇಕು? ನನಗೆ ಇದು ಅರ್ಥವಾದದ್ದು ಕಬಡ್ಡಿಯಿಂದ. ಅಂಗಳದಲ್ಲಿ ಮೂರೇ ಜನ ಉಳಿದಾಗ ಒಳ್ಳೆ ಡಿಫೆಂಡರ್ ರೈಡರ್ ಮೇಲೆ ಹಾರಿ ಬೀಳುವುದಿಲ್ಲ. ಅವನು ಆಕಡೆ ಈಕಡೆ ಓಡಾಡಲಿ, ಮೂಲೆ ಹತ್ತಿರ ಕಾಲು ಆಡಿಸಲಿ ಅಂತ ಬಿಡುತ್ತಾನೆ. ರೈಡರ್ ಬೆನ್ನು ತಿರುಗಿಸಿದ, ಕಾಲು ಜಾಸ್ತಿ ಚಾಚಿದ ಅಂದರೆ ಮೂವರೂ ಒಟ್ಟಿಗೆ ಬೀಳುತ್ತಾರೆ. ಒಬ್ಬನೇ ಮುಂಚೆ ನುಗ್ಗಿದನೋ, ಕಥೆ ಮುಗಿಯಿತು. ಪೆನಾಲ್ಟಿ ಕಿಲ್ ಕೂಡ ಹಾಗೇ. ಅಂಚಿನ ಜಾಗ ಅವರಿಗೆ ಬಿಟ್ಟುಕೊಡಬೇಕು, ನಡುವಿನ ಜಾಗ ಮಾತ್ರ ಕೊಡಬಾರದು. ನಾಲ್ಕು ಜನ ಚೌಕವಾಗಿ ನಿಂತರೆ ಬಾಕ್ಸ್, ಅದನ್ನೇ ತಿರುಗಿಸಿದರೆ ಡೈಮಂಡ್, ಮೂವರು ಗೋಲಿನ ಮುಂದೆ ತ್ರಿಕೋನವಾಗಿ ನಿಂತು ಒಬ್ಬ ಮುಂದೆ ಓಡಾಡಿದರೆ ಇನ್ನೊಂದು ಬಗೆ. ಎದುರಾಳಿ ನೋಡಿ ಯಾವುದು ಬೇಕೋ ಅದು.

ನನ್ನ ತಪ್ಪು ನಡೆದದ್ದು ಇಲ್ಲೇ. ಒಂದು ವರ್ಷ ನವೆಂಬರ್‌ನಲ್ಲಿ ನಮ್ಮ ಪೆನಾಲ್ಟಿ ಕಿಲ್ ಕುಸಿದು ಹೋಗಿತ್ತು. ಒಂದರ ಮೇಲೊಂದು ಗೋಲು. ನಾನು ಗೋಲು ಬಿದ್ದ ಕ್ಷಣದಿಂದ ಹಿಂದಕ್ಕೆ ಮೂರು ನಾಲ್ಕು ಸೆಕೆಂಡು ಮಾತ್ರ ನೋಡುತ್ತಿದ್ದೆ. ಪ್ರತಿ ಸಲವೂ ನಡುವೆ ಒಂದು ಪಾಸ್ ದಾಟಿರುತ್ತಿತ್ತು. ಹಾಗಾಗಿ ನಿಲ್ಲುವ ಆಕಾರವೇ ತಪ್ಪು ಅಂದುಕೊಂಡೆ. ಬಾಕ್ಸ್ ಬಿಟ್ಟು ಡೈಮಂಡ್‌ಗೆ ಹೋಗೋಣ ಅಂತ ಬರೆದೆ. ಇಪ್ಪತ್ತಾರು ಕ್ಲಿಪ್ ಕತ್ತರಿಸಿ, ಬಾಣದ ಗುರುತು, ಬಣ್ಣದ ವೃತ್ತ ಎಲ್ಲ ಹಾಕಿ, ಪಂದ್ಯದ ದಿನ ಬೆಳಗ್ಗೆ ಹುಡುಗರ ಮುಂದೆ ಇಟ್ಟೆ. ಮುಕ್ಕಾಲು ಗಂಟೆ ತೋರಿಸಿದೆ. ಅವರು ಪಾಪ, ಸುಮ್ನೆ ಕೂತು ನೋಡಿದರು.

ಅವತ್ತು ರಾತ್ರಿ ಒಬ್ಬ ಕಮ್ಮಿ ಇದ್ದಾಗಲೇ ಮೂರು ಗೋಲು ಬಿತ್ತು. ಮೇಲಿನಿಂದ ನೋಡುತ್ತಿದ್ದ ನನಗೆ ಹುಡುಗರ ಕಾಲು ತಡವಾಗುತ್ತಿದ್ದದ್ದು ಕಾಣುತ್ತಿತ್ತು. ಪಕ್ ಕಡೆ ನೋಡೋದು ಬಿಟ್ಟು ತಾನು ಎಲ್ಲಿ ನಿಲ್ಲಬೇಕು ಅಂತ ಪಕ್ಕದವನನ್ನು ನೋಡುತ್ತಿದ್ದರು. ಐಸ್ ಮೇಲೆ ಅರ್ಧ ಸೆಕೆಂಡು ಯೋಚನೆ ಮಾಡಿದರೂ ತಡವೇ. ಅವರ ತಲೆಗೆ ಆ ಭಾರ ಹೊರಿಸಿದವನು ನಾನು.

ಮರುದಿನ ಪೆನಾಲ್ಟಿ ಕಿಲ್ ನೋಡಿಕೊಳ್ಳುವ ಸಹಾಯಕ ಕೋಚ್ ನನ್ನ ರೂಮಿಗೆ ಬಂದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದರು, "ಗೋಲಿನಿಂದ ಹಿಂದಕ್ಕೆ ನೋಡಬೇಡ. ರೆಫರಿ ಸೀಟಿ ಊದಿದಲ್ಲಿಂದ ಮುಂದಕ್ಕೆ ನೋಡು. ಗೋಲು ಬೀಳೋಕೆ ಮುಂಚೆ ಪಕ್ ನಮ್ಮ ಸ್ಟಿಕ್ಕಿಗೆ ಬಂದಿತ್ತಾ? ಬಂದಿದ್ದರೆ ಯಾಕೆ ಬ್ಲೂ ಲೈನ್ ಹೊರಗೆ ಹೋಗಲಿಲ್ಲ? ಅಷ್ಟು ಮಾತ್ರ ಬರ್ಕೋ."

ಆ ತಿಂಗಳು ಬಿದ್ದ ಗೋಲುಗಳನ್ನೆಲ್ಲ ಮತ್ತೆ ಮೊದಲಿಂದ ನೋಡಿದೆ. ಮುಕ್ಕಾಲು ಪಾಲು ಗೋಲುಗಳಲ್ಲಿ ಕಥೆ ಒಂದೇ. ಗೋಲಿಗೆ ಹತ್ತು ಹದಿನೈದು ಸೆಕೆಂಡು ಮುಂಚೆ ಪಕ್ ನಮ್ಮ ಕೈಯಲ್ಲೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಹಾಗೆ. ಒಂದು ಸಲ ಮೆತ್ತಗೆ ತಳ್ಳಿದ್ದು ಬ್ಲೂ ಲೈನ್ ದಾಟಲಿಲ್ಲ. ಒಂದು ಸಲ ಪಾಸ್ ಕೊಡಲು ಹೋಗಿ ಕಳೆದುಕೊಂಡದ್ದು. ಇನ್ನೊಂದು ಸಲ ಫೇಸ್‌ಆಫ್ (ಆಟ ಶುರು ಮಾಡಲು ಇಬ್ಬರ ನಡುವೆ ಪಕ್ ಬಿಡುವುದು) ಗೆದ್ದೂ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಾ ನಿಂತದ್ದು. ನಾನು ಕೆಂಪು ಗುರುತು ಹಾಕಿದ್ದ ಆ ಪಾಸ್, ಆ ಆಕಾರ, ಎಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಮ್ಮ ನಾಲ್ವರಿಗೂ ಉಸಿರು ಕಟ್ಟಿರುತ್ತಿತ್ತು. ದಣಿದ ಕಾಲು ಯಾವ ಆಕಾರದಲ್ಲಿ ನಿಂತರೂ ಅಷ್ಟೇ.

ಪಕ್ ಹೊರಗೆ ಹಾಕೋದಕ್ಕೆ ಯಾಕೆ ಇಷ್ಟು ಬೆಲೆ? ಸಾಮಾನ್ಯವಾಗಿ ತಮ್ಮ ಅರ್ಧದಿಂದ ಪಕ್ ಅನ್ನು ಆ ತುದಿಯವರೆಗೆ ಸುಮ್ನೆ ಬೀಸಿದರೆ ಅದು ಐಸಿಂಗ್, ಆಟ ನಿಲ್ಲುತ್ತದೆ. ಆದರೆ ಒಬ್ಬ ಕಮ್ಮಿ ಇರುವ ತಂಡಕ್ಕೆ ಆ ನಿಯಮದಿಂದ ವಿನಾಯಿತಿ ಇದೆ. ರಿಂಕ್‌ನ (ಐಸ್ ಅಂಗಳದ) ಉದ್ದ 200 ಅಡಿ. ಗಟ್ಟಿಯಾಗಿ ಬೀಸಿದರೆ ಎದುರಾಳಿ ಅಷ್ಟು ದೂರ ಹೋಗಿ, ಪಕ್ ತಂದು, ಸಾಲು ಕಟ್ಟಿ, ಮತ್ತೆ ನಮ್ಮ ಬ್ಲೂ ಲೈನ್ ದಾಟಬೇಕು. ಹದಿನೈದು ಇಪ್ಪತ್ತು ಸೆಕೆಂಡು ಕರಗುತ್ತದೆ. ಅಷ್ಟರಲ್ಲಿ ದಣಿದವರು ಬೆಂಚಿಗೆ, ಹೊಸ ಕಾಲು ಐಸ್ ಮೇಲೆ. ಇರೋದೇ 120 ಸೆಕೆಂಡು. ಅಂಥ ಮೂರು ಸಿಕ್ಕರೆ ಅರ್ಧ ಹೊತ್ತು ಅಲ್ಲೇ ಕಳೆಯಿತು ಅಲ್ವಾ?

ಪಂದ್ಯದ ಮೂರು ಭಾಗಗಳಲ್ಲಿ ನಡುವಿನದು, ಎರಡನೇ ಪೀರಿಯಡ್ಡಿನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಆಗ ತಂಡಗಳು ಬದಿ ಬದಲಿಸಿರುತ್ತವೆ, ಬೆಂಚ್ ಮಾತ್ರ ಇದ್ದಲ್ಲೇ ಇರುತ್ತದೆ. ನಮ್ಮ ಗೋಲಿನಿಂದ ನಮ್ಮ ಬೆಂಚು ದೂರ. ಅರೆಬರೆ ಹೊರಗೆ ಹಾಕಿ ಬದಲಾಗಲು ಹೊರಟರೆ ದಾರಿಯಲ್ಲೇ ಸಿಕ್ಕಿ ಬೀಳುತ್ತೇವೆ. ಹಾಗಂತ ಎತ್ತಿ ಬೀಸಿ ಬೋರ್ಡಿನ ಮೇಲಿರುವ ಗಾಜಿನ ಮೇಲಿಂದ ಪ್ರೇಕ್ಷಕರ ಕಡೆ ಹಾಕಿದರೆ ಇನ್ನೊಂದು ಪೆನಾಲ್ಟಿ. ಆಗ ಐದು ಜನರ ಎದುರು ಮೂರೇ ಜನ. ಗಾಜಿಗೆ ಬಡಿಯಬೇಕು, ಗಾಜು ದಾಟಬಾರದು. ಹದಿನೇಳು ವರ್ಷದ ಹುಡುಗನಿಗೆ ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಇದನ್ನು ಮಾಡು ಅಂತ ಕೇಳುತ್ತಿದ್ದೇವೆ. ಅದು ಸುಲಭ ಅಂತ ನಾನು ಯಾವತ್ತೂ ಹೇಳಲಾರೆ.

ಯಾವಾಗ ನುಗ್ಗಬೇಕು ಅನ್ನೋದು ಇನ್ನೊಂದು ದೊಡ್ಡ ವಿಷಯ. ಎದುರಾಳಿ ನಮಗೆ ಬೆನ್ನು ಮಾಡಿದಾಗ, ಪಾಸ್ ಸರಿಯಾಗಿ ಸಿಗದೆ ಅವನು ಕೆಳಗೆ ತನ್ನ ಕಾಲು ನೋಡಿದಾಗ, ಪಕ್ ಬೋರ್ಡಿಗೆ ಅಂಟಿಕೊಂಡಾಗ ನುಗ್ಗಬೇಕು. ಅದೂ ಒಬ್ಬನಲ್ಲ, ಒಬ್ಬ ಹೊರಟರೆ ಮೂವರೂ ಒಂದು ಹೆಜ್ಜೆ ಸರಿಯಬೇಕು. ಒಬ್ಬ ಹೋಗಿ ಉಳಿದವರು ನಿಂತಲ್ಲೇ ನಿಂತರೆ ನಡುವೆ ಬಾಗಿಲು ತೆಗೆದಿಟ್ಟ ಹಾಗೆ. ಅರ್ಧ ದಾರಿ ಹೋಗಿ ನಿಲ್ಲುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಪಕ್ ಸಿಗಲ್ಲ, ಜಾಗವೂ ಉಳಿಯಲ್ಲ. ನುಗ್ಗದೇ ಇದ್ದಾಗ ಸ್ಟಿಕ್ ಐಸ್ ಮೇಲೆ ಮಲಗಿರಬೇಕು, ಪಾಸ್ ಹೋಗುವ ದಾರಿಯಲ್ಲಿ. ಸ್ಟಿಕ್ ಸೊಂಟದ ಎತ್ತರದಲ್ಲಿದ್ದರೆ ಆ ಹುಡುಗ ಅಲ್ಲಿ ಇದ್ದೂ ಇಲ್ಲದ ಹಾಗೆ.

ಹೊಡೆತಕ್ಕೆ ಮೈ ಒಡ್ಡುವುದನ್ನು ಎಲ್ಲರೂ ಹೊಗಳುತ್ತಾರೆ. ಆ ಧೈರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ಗಟ್ಟಿ ರಬ್ಬರಿನ ಪಕ್, 170 ಗ್ರಾಂ ಆಸುಪಾಸಿನ ತೂಕ, ಮೊಣಕಾಲ ಕೆಳಗೆ ಬಡಿದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಆದರೆ ನಮ್ಮ ಗೋಲಿ ಒಂದು ದಿನ ನನಗೆ ಹೇಳಿದ, "ತಡೀತಾರೆ ಅಂದ್ರೆ ಪೂರ್ತಿ ತಡೀಲಿ. ಇಲ್ಲಾಂದ್ರೆ ದಾರಿ ಬಿಡ್ಲಿ, ನಾನು ನೋಡ್ಕೋತೀನಿ. ಅರ್ಧ ಅಡ್ಡ ಬಂದ್ರೆ ನನಗೆ ಪಕ್ಕೇ ಕಾಣಲ್ಲ." ಪೆನಾಲ್ಟಿ ಕಿಲ್‌ನಲ್ಲಿ ಎಲ್ಲರಿಗಿಂತ ಮುಖ್ಯ ಆಟಗಾರ ಗೋಲಿಯೇ ಅಂತ ಇಲ್ಲಿ ಹಳೆಯ ಮಾತಿದೆ. ಅವನಿಗೆ ಕಾಣುವಂತೆ ಇರುವುದೂ ಉಳಿದ ನಾಲ್ವರ ಕೆಲಸ.

ಶೇಕಡಾ ಲೆಕ್ಕದ ಬಗ್ಗೆಯೂ ನನ್ನ ಮನಸ್ಸು ಬದಲಾಗಿದೆ. ಎನ್‌ಎಚ್‌ಎಲ್‌ನಲ್ಲಿ 100ಕ್ಕೆ 80ರ ಆಸುಪಾಸು ತಡೆದರೆ ಸಾಧಾರಣ ತಂಡ. 2024ರಲ್ಲಿ ಎಡ್ಮಂಟನ್ ತಂಡ ಲೀಗ್ ಪಂದ್ಯಗಳಲ್ಲಿ ಹಾಗೆ ನಡುವಿನ ಸಾಲಿನಲ್ಲೇ ಇತ್ತು. ಪ್ಲೇಆಫ್‌ಗೆ ಬಂದ ಮೇಲೆ 70ರಲ್ಲಿ 66 ಪೆನಾಲ್ಟಿ ತಡೆಯಿತು. ಫೈನಲ್‌ಗೆ ಮುಂಚೆ ಎದುರಾದ ಡಲ್ಲಾಸ್ ತಂಡಕ್ಕೆ ಇಡೀ ಸರಣಿಯಲ್ಲಿ ಸಿಕ್ಕ 14 ಪವರ್ ಪ್ಲೇಗಳಲ್ಲಿ ಒಂದೂ ಗೋಲು ಬರಲಿಲ್ಲ. ಅಷ್ಟು ಮಾಡಿಯೂ ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲೋರಿಡಾ ಎದುರು 2-1ರಿಂದ ಸೋತರು. ಆ ಸರಣಿಗಳನ್ನು ನಾನು ಕೆಲಸಕ್ಕಾಗಿ ಕೂತು ನೋಡಿದ್ದೇನೆ. ಅದರಲ್ಲಿ ನನಗೆ ಕಂಡದ್ದು ಹೊಸ ತಂತ್ರ ಅಲ್ಲ. ನಾಲ್ಕು ಜನ ಹಗ್ಗ ಕಟ್ಟಿದ ಹಾಗೆ ಒಟ್ಟಿಗೆ ಸರಿಯುತ್ತಿದ್ದರು, ಪಕ್ ಸಿಕ್ಕ ಕೂಡಲೇ ಹೊರಗೆ.

ನಮ್ಮವರಿಗೆ ಗೊತ್ತಿರುವ ಹಾಕಿಯಲ್ಲೂ ಇದರ ದೊಡ್ಡ ಉದಾಹರಣೆ ಇದೆ. 2024ರ ಆಗಸ್ಟ್ 4, ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರಲ್ಲಿ ಆಡಿತು. 1-1ರಲ್ಲಿ ಉಳಿಸಿಕೊಂಡು ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಭಾರತದ ಆ ಒಂದು ಗೋಲನ್ನು ಹರ್ಮನ್‌ಪ್ರೀತ್ ಹೊಡೆದದ್ದೂ ಒಬ್ಬ ಕಮ್ಮಿ ಇದ್ದಾಗಲೇ. ಗೋಲಿನಲ್ಲಿ ಶ್ರೀಜೇಶ್ ಗೋಡೆಯ ಹಾಗೆ ನಿಂತಿದ್ದರು. ಇಲ್ಲಿ ಆಗ ಬೆಳಗಿನ ಜಾವ. ಕಾಫಿ ಆರಿ ಹೋದದ್ದೂ ಗೊತ್ತಾಗಲಿಲ್ಲ ನನಗೆ.

ಈಗ ನನ್ನ ಕೆಲಸದ ರೀತಿ ಬೇರೆ. ಪಂದ್ಯದ ದಿನ ಪೆನಾಲ್ಟಿ ಕಿಲ್‌ಗೆ ಮೂರೇ ಕ್ಲಿಪ್. ಒಂದು ಎದುರಾಳಿ ಫೇಸ್‌ಆಫ್ ಆದಮೇಲೆ ಏನು ಮಾಡುತ್ತಾರೆ ಅಂತ, ಒಂದು ಅವರು ನಮ್ಮ ಕಡೆ ಹೇಗೆ ಒಳಗೆ ಬರುತ್ತಾರೆ ಅಂತ, ಒಂದು ನಮ್ಮ ಹುಡುಗರೇ ಚೆನ್ನಾಗಿ ಮಾಡಿದ್ದು. ಗೋಲು ಬಿದ್ದದ್ದಕ್ಕಿಂತ ಮೊದಲು ಪಕ್ ಹೊರಗೆ ಹೋಗದೆ ಉಳಿದದ್ದಕ್ಕೆ ಗುರುತು ಹಾಕುತ್ತೇನೆ. ಗೋಲು ಬೀಳದಿದ್ದರೂ ಹಾಕುತ್ತೇನೆ. ಅದೃಷ್ಟದಿಂದ ಉಳಿದದ್ದು ಯಾವುದು, ಚೆನ್ನಾಗಿ ಆಡಿ ಉಳಿದದ್ದು ಯಾವುದು ಅಂತ ಹುಡುಗರಿಗೆ ತಿಳಿಯಬೇಕು.

ಆ ಹನ್ನೊಂದು ಸೆಕೆಂಡಿನ ಕ್ಲಿಪ್ಪನ್ನು ಎಲ್ಲರ ಮುಂದೆ ಮತ್ತೆ ಹಾಕಲಿಲ್ಲ. ಆ ಹುಡುಗನನ್ನು ಒಬ್ಬನನ್ನೇ ಕರೆದು ಕೂರಿಸಿಕೊಂಡೆ. ಬಾಣ ಇಲ್ಲ, ವೃತ್ತ ಇಲ್ಲ, ಮಾತೂ ಇಲ್ಲ. ಪಕ್ ಅವನ ಸ್ಟಿಕ್ಕಿಗೆ ಬಂದ ಕ್ಷಣದಲ್ಲಿ ನಿಲ್ಲಿಸಿ, ಆಮೇಲೆ ಇದ್ದ ವೇಗದಲ್ಲೇ ಓಡಿಸಿದೆ. ಅವನು ಇನ್ನೊಂದು ಸಲ ಹಾಕಿ ಅಂದ. ಹಾಕಿದೆ. ಪರದೆಯ ಹತ್ತಿರಕ್ಕೆ ಬಾಗಿ, ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ ಆ ಎದುರಾಳಿಯ ಮೇಲೆ ಬೆರಳಿಟ್ಟ.

"ನನಗೆ ಇಷ್ಟೊಂದು ಟೈಮ್ ಇತ್ತಾ?"

"ಇತ್ತು" ಅಂದೆ.

ಮರುದಿನ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೂ ಅವನು ಆ ಮೂಲೆಯಲ್ಲೇ ಇದ್ದ. ಸಹಾಯಕ ಕೋಚ್ ಪಕ್ ಹಾಕುತ್ತಿದ್ದರು. ಅವನು ತಲೆ ಎತ್ತಿ ಒಮ್ಮೆ ನೋಡುತ್ತಿದ್ದ, ಗಾಜಿಗೆ ಬಡಿಯುತ್ತಿದ್ದ. ಖಾಲಿ ರಿಂಕ್‌ನಲ್ಲಿ ಪಕ್ ಆ ತುದಿಯ ಬೋರ್ಡಿಗೆ ತಾಗುವ ಸದ್ದು ನನ್ನ ರೂಮಿನವರೆಗೂ ಕೇಳುತ್ತಿತ್ತು.